ಹುಣಸೆ ಬಣ್ಣದ ಕೋಟು

ಫೋನಿನ ಪರದೆಯ ಮೇಲೆ ಎರಡು ಅಂಕಿಗಳಿದ್ದವು. ಇಂದು ಹೋಗಬೇಕಾದ ಕಡಲತಡಿಯ ಊರು ವಿಕ್ಟರ್ ಹಾರ್ಬರ್, ಹನ್ನೆರಡು ಡಿಗ್ರಿ. ಗಾಳಿಯನ್ನು ಲೆಕ್ಕಕ್ಕೆ ಹಿಡಿದರೆ ಏಳು. ಗುರುದತ್ತ ಮೊದಲನೆಯದನ್ನಷ್ಟೇ ಹೆಂಡತಿಗೆ ಓದಿ ಹೇಳಿದ. ಎರಡನೆಯದನ್ನೂ ಹೇಳಿದ್ದರೆ ಮಧುರಾ ಬಟ್ಟೆ ಬದಲಿಸಲು ಮತ್ತೆ ಒಳಗೆ ಹೋಗುತ್ತಿದ್ದಳು, ಆಗಲೇ ಮೂರು ಸಲ ಬದಲಿಸಿದ್ದಳು. ಮೊದಲು ರೇಷ್ಮೆ ಸೀರೆ, ಅದರ ಮೇಲೆ ಅವನ ಹಳೆಯ ಸ್ವೆಟರು, ಕಾಲಿಗೆ ಸಾಕ್ಸ್ ಏರಿಸಿ ಅದರ ಮೇಲೆ ಚಪ್ಪಲಿ. ಹಾಗೆ ನಡುಮನೆಯ ಬಾಗಿಲಲ್ಲಿ ನಿಂತು, ಅವನ ಮುಖ ನೋಡಿ, ಕೇಳದೆಯೇ ಉತ್ತರ ಸಿಕ್ಕಿದವಳಂತೆ ತಿರುಗಿ ಹೋಗಿದ್ದಳು. ಆಮೇಲೆ ಚೂಡಿದಾರ. ಆಮೇಲೆ ಅದೇ ಚೂಡಿದಾರದ ಒಳಗೆ ಇನ್ನೊಂದು, ಹೆಗಲಿಗೆ ಮೈಸೂರಿನಿಂದ ತಂದ ತೆಳು ಶಾಲು. ಎರಡು ಹತ್ತಿಬಟ್ಟೆಗಳನ್ನು ಕೂಡಿದರೆ ಒಂದು ಉಣ್ಣೆಬಟ್ಟೆಯಾಗುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಉಣ್ಣೆಯ ಬಟ್ಟೆ ಒಂದೂ ಇಲ್ಲದಿರುವುದಕ್ಕೆ ಕಾರಣ ಅವನೇ. ಡಿಸೆಂಬರಿನಲ್ಲಿ ಮದುವೆಯಾಗಿ, ಅವಳನ್ನು ಮೈಸೂರಿನಲ್ಲೇ ಬಿಟ್ಟು ಬಂದು ವೀಸಾಕ್ಕಾಗಿ ಕಾಯುತ್ತಿದ್ದ ದಿನಗಳಲ್ಲಿ ಅವಳು ಫೋನಿನಲ್ಲಿ ಕೇಳಿದ್ದಳು: "ಸ್ವೆಟರ್ ತರ್ಲಾ ರೀ? ಅಮ್ಮ ಹೆಣೆದಿದ್ದು ಎರಡಿದೆ." ಅಡಿಲೇಡಿನಲ್ಲಿ ಅಂದು ನಲವತ್ತೊಂದು ಡಿಗ್ರಿ. ಅವನು ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಕೂತು, "ಹುಚ್ಚಾ ನಿಂಗೆ? ಇಲ್ಲಿ ಬೆಂದ್ಹೋಗ್ತಿದ್ದೀವಿ. ಸುಮ್ನೆ ತೂಕ" ಎಂದಿದ್ದ. ಈ ದೇಶದಲ್ಲಿ ಹನ್ನೊಂದು ವರ್ಷ ಕಳೆದವನು, ನೀರು ಸರಬರಾಜಿನ ಕಚೇರಿಯಲ್ಲಿ ಕೊಳವೆಗಳ ಒತ್ತಡವನ್ನು ದಶಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಹಾಕಿ ಕೊಡುವವನು, ಅವಳು ಬಂದಿಳಿಯುವ ಹೊತ್ತಿಗೆ ಇಲ್ಲಿ ಚಳಿ ಹಿಡಿದಿರುತ್ತದೆ ಎಂಬುದನ್ನು ಮರೆತಿದ್ದ. ಅವಳು ಎರಡೂ ಸ್ವೆಟರುಗಳನ್ನು ಹೂ ಮಾರುವವಳಿಗೆ ಕೊಟ್ಟು ವಿಮಾನ ಹತ್ತಿದ್ದಳು. ಹೆಣೆದ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಬಂದ ಮೇಲೆ ಆ ವಿಷಯವನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಅವನಿಗೆ ಸಿಟ್ಟು ಮಾಡಿಕೊಳ್ಳುವ ಒಂದು ಅವಕಾಶವಾದರೂ ಸಿಗುತ್ತಿತ್ತು. ಈ ಶನಿವಾರ ಕೊಡಿಸೋಣ, ಮುಂದಿನ ಶನಿವಾರ ಕೊಡಿಸೋಣ ಎಂದುಕೊಳ್ಳುತ್ತ ಜುಲೈ, ಇಲ್ಲಿಯ ಚಳಿಗಾಲದ ನಡು, ಬಂದಿತ್ತು.

ಗ್ಯಾರೇಜಿಗೆ ಹೋದದ್ದು ಕಾರಿನ ಚಕ್ರಗಳಲ್ಲಿ ಗಾಳಿ ಇದೆಯೇ ಎಂದು ನೋಡುವುದಕ್ಕೆ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಏಣಿಯ ಹಿಂದೆ, ಉಳಿದ ಬಣ್ಣದ ಡಬ್ಬಗಳ ಮೇಲೆ, ಕಪ್ಪು ಪ್ಲಾಸ್ಟಿಕ್ ಚೀಲವೊಂದರಲ್ಲಿ ಮೊದಲ ಹೆಂಡತಿ ಅದಿತಿಯ ಕೋಟು ಮೂರು ವರ್ಷಗಳಿಂದ ಇತ್ತು. ಹುಣಸೆಹಣ್ಣಿನ ಬಣ್ಣದ ದಪ್ಪ ಉಣ್ಣೆ, ಮಂಡಿಯವರೆಗಿನ ಉದ್ದ, ಐದು ಗುಂಡಿಗಳು. ನಾಲ್ಕು ಮರದವು, ಮೇಲಿನಿಂದ ನಾಲ್ಕನೆಯದು ಮಾತ್ರ ಕರಿಯದು, ಕೊಂಬಿನದು. ಅದಿತಿ ಸತ್ತ ಹದಿನೈದನೆಯ ದಿನ ಅವಳ ಗೆಳತಿ ಬೆನೆಡಿಕ್ಟಾ ಬಂದು, ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿದಷ್ಟು ಅಚ್ಚುಕಟ್ಟಾಗಿ ಮಡಿಸಿ, ಒಂಬತ್ತು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ದಾನದ ಅಂಗಡಿಗೆ ಒಯ್ದಿದ್ದಳು. ಅಂದು ಆಕೆ ತನಗಾಗಿ ಕೇಳಿದ್ದು ಒಂದೇ. "ಆ ಕೋಟು ಎಲ್ಲುಂಟು ಗುರು? ಅದೊಂದು ನಾನು ಇಟ್ಟುಕೊಳ್ತೇನೆ. ಅಂಗಡಿಗೆ ಹೋಗಿ ಆರಿಸಿದ್ದು ನಾವಿಬ್ಬರೇ, ಬಿದ್ದ ಗುಂಡಿ ಹೊಲಿದದ್ದೂ ನಾನೇ. ಕ್ಸೇವಿಯರ್‌ನ ಕುವೈತಿನ ಕೋಟಿಂದ ಕಿತ್ತು ಹಾಕಿದ್ದು." ಅವನು ಮುಖ ತೊಳೆಯುತ್ತಿದ್ದವನು ತಲೆಯೆತ್ತದೆ, "ಅದು ಹೋಯ್ತಕ್ಕ, ಆಸ್ಪತ್ರೆಯಲ್ಲೇ ಯಾರಿಗೋ ಕೊಟ್ಬಿಟ್ಟೆ" ಎಂದಿದ್ದ. ಹಾಗೆ ಹೇಳುವಾಗ ಕೋಟು ಏಣಿಯ ಹಿಂದೆ ಇತ್ತು.

ಈಗ ಚೀಲವನ್ನು ಬಿಚ್ಚಿದ. ನುಸಿಗುಳಿಗೆಯ ವಾಸನೆ ಬಂತು, ಬೇರೆ ಯಾವ ವಾಸನೆಯೂ ಬರಲಿಲ್ಲ. ಅದರಿಂದ ಅವನಿಗೆ ಧೈರ್ಯ ಬಂತು. ಒದರಿ, ಕೈಯ ಮೇಲೆ ಹಾಕಿಕೊಂಡು ಒಳಗೆ ಬಂದು, "ಮಧುರಾ, ಇಲ್ನೋಡು. ನಿನಗೇಂತ ತಂದಿಟ್ಟಿದ್ದೆ, ಹೇಳೋಕೇ ಮರೆತೆ" ಎಂದ. ಆ ಮಾತು ಹೀಗೆ ಬರುತ್ತದೆಂದು ಬಾಯಿ ತೆರೆಯುವವರೆಗೆ ಅವನಿಗೂ ಗೊತ್ತಿರಲಿಲ್ಲ. ಅವಳು ಕೋಟನ್ನು ಮುಟ್ಟುವ ಮೊದಲು ಎರಡೂ ಕೈಗಳನ್ನು ಶಾಲಿಗೆ ಒರೆಸಿಕೊಂಡಳು.

"ನಂಗಾ?"

"ಮತ್ಯಾರಿಗೆ?"

ತೊಟ್ಟಳು. ತೋಳು ಒಂದು ಬೆರಳಿನಷ್ಟು ಉದ್ದ, ಸೊಂಟದಲ್ಲಿ ಒಂದು ಬೆರಳಿನಷ್ಟು ಬಿಗಿ. ಕನ್ನಡಿಯ ಮುಂದೆ ಗುಂಡಿಗಳನ್ನು ಹಾಕುತ್ತ ಹೋಗಿ ನಾಲ್ಕನೆಯದರಲ್ಲಿ ನಿಂತಳು. "ಇದೊಂದು ಯಾಕ್ರೀ ಬೇರೆ ಥರ?"

"ಅದು ಇಲ್ಲಿಯ ಫ್ಯಾಷನ್ನು."

ಅವಳು ನಕ್ಕಳು. ಇಂಥ ಹುಚ್ಚು ಫ್ಯಾಷನ್ನಿನ ದೇಶಕ್ಕೆ ತಾನೂ ಸೇರಿದೆನೆಂಬ ನಗು. ಆಮೇಲೆ ಕನ್ನಡಿಯಲ್ಲಿ ಅವನನ್ನು ನೋಡುತ್ತ, "ನೀವಾಗೇ ತಂದುಕೊಟ್ಟಿದ್ದು ಇದೇ ಮೊದಲು" ಎಂದಳು. ಅದರಲ್ಲಿ ದೂರು ಇರಲಿಲ್ಲ. ಎಣಿಸಿ ನೋಡಿ ಹೇಳಿದ ಮಾತು.

ಹೆದ್ದಾರಿ ಸಿಕ್ಕುವ ಹೊತ್ತಿಗೆ ಅವನಿಗೆ ತಾನು ಮಾಡಿದ್ದರ ಉಳಿದರ್ಧ ಕಂಡಿತು. ಸಮುದ್ರದ ಬಳಿ ಬೆನೆಡಿಕ್ಟಾ, ಆಕೆಯ ಗಂಡ ಕ್ಸೇವಿಯರ್ ಕಾಯುತ್ತಿದ್ದಾರೆ. ಹೊಸ ಹೆಂಡತಿಯನ್ನು ಕರೆದುಕೊಂಡು ಬಾ ಎಂದು ಬೆನೆಡಿಕ್ಟಾ ಎರಡು ಸಲ ಊಟಕ್ಕೆ ಕರೆದಿದ್ದಳು. ಎರಡು ಸಲವೂ ತಪ್ಪಿಸಿಕೊಂಡಿದ್ದ. ಮೂರನೆಯ ಸಲ ಆಕೆ ಮನೆ ಬಿಟ್ಟು ಕಡಲ ತೀರಕ್ಕೆ ಕರೆದಿದ್ದಳು: ತಿಮಿಂಗಿಲಗಳು ಬಂದಿವೆ, ಕುದುರೆ ಎಳೆಯುವ ಟ್ರಾಮಿನಲ್ಲಿ ದ್ವೀಪಕ್ಕೆ ಹೋಗಿ ನೋಡೋಣ. ತೊಂಬತ್ತು ಕಿಲೋಮೀಟರು. ಹೇಳಿಬಿಡುವುದಕ್ಕೆ ಒಂದು ಕಿಲೋಮೀಟರು ಸಾಕು, ಎಂಬತ್ತೊಂಬತ್ತು ಮಿಗುತ್ತದೆ. ಇದು ಅದಿತಿಯದು. ಮೂರು ಪದವೂ ಆಗುವುದಿಲ್ಲ. ಹೇಳಿದರೆ ಮಧುರಾ ಕೋಟು ಬಿಚ್ಚಿ ಎಸೆಯುವವಳಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಮದುವೆಯ ಹಿಂದಿನ ದಿನ, ಅವನ ಮನೆತನದ ಪದ್ಧತಿಯಂತೆ, ತೀರಿಹೋದ ಮೊದಲ ಹೆಂಡತಿಯ ಹೆಸರಿನಲ್ಲಿ ಕಲಶವಿಟ್ಟು ಅದಕ್ಕೆ ಸೀರೆ ಉಡಿಸಿದ್ದರು. ಬರುವವಳು ಅದಕ್ಕೆ ನಮಸ್ಕರಿಸಿ, ಆ ಸೀರೆಯನ್ನು ಪಡೆದು ಉಟ್ಟುಕೊಳ್ಳಬೇಕು. ಅವನು ಮುಜುಗರದಿಂದ ಕಿಟಕಿಯ ಕಡೆ ನೋಡುತ್ತಿದ್ದಾಗ ಮಧುರಾ ಪುರೋಹಿತರನ್ನು ತಡೆದು, "ಅದಿತಿ ಅವರಿಗೆ ಯಾವ ಬಣ್ಣ ಇಷ್ಟ ಇತ್ತು?" ಎಂದು ಕೇಳಿದ್ದಳು. ಕೇಳಿ, ಆ ಬಣ್ಣದ ಸೀರೆಯನ್ನೇ ತರಿಸಿ, ಕಲಶಕ್ಕೆ ಉಡಿಸಿ, ತಾನು ಉಟ್ಟಿದ್ದಳು. ಅಂಥವಳಿಗೆ ಸುಳ್ಳಿನ ಅಗತ್ಯವೇ ಇರಲಿಲ್ಲ. ಆದರೆ ಅವಳು ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು: ಎಲ್ಲಾ ಕೊಟ್ಟು ಇದೊಂದನ್ನ ಯಾಕೆ ಇಟ್ಕೊಂಡ್ರಿ? ಮೊದಲ ಉತ್ತರ ಕೊಟ್ಟವನು ಎರಡನೆಯದನ್ನೂ ಕೊಡಬೇಕಾಗುತ್ತದೆ.

"ಗುರು, ಕೋಟು ಗೂಟದಲ್ಲೇ ಉಳೀತು" ಎಂದು ಅದಿತಿ ನಾಲ್ಕು ವರ್ಷದ ಹಿಂದೆ ಹೇಳಿದ್ದು ಇಲ್ಲೇ, ಈ ದೀಪದ ಕಂಬಗಳ ಬಳಿ. ಮನೆ ಬಿಟ್ಟು ಹನ್ನೆರಡು ನಿಮಿಷವಾಗಿತ್ತು. ಅವಳ ತಲೆಯ ಕೂದಲೆಲ್ಲ ಉದುರಿ, ಹಸಿರು ಸ್ಕಾರ್ಫ್ ಬಿಗಿದಿದ್ದಳು. ತಿಮಿಂಗಿಲ ನೋಡಬೇಕೆಂದು ಕೇಳಿದವಳು ಅವಳೇ; ಒಂದು ವರ್ಷದಲ್ಲಿ ಕೇಳಿದ್ದು ಅದೊಂದೇ. "ಹಿಂದಕ್ಕೆ ಹನ್ನೆರಡು, ವಾಪಸ್ ಇಲ್ಲಿಗೆ ಬರೋಕೆ ಹನ್ನೆರಡು. ಇಪ್ಪತ್ನಾಲ್ಕು ನಿಮಿಷ. ಹತ್ತೂವರೆ ಟ್ರಾಮ್ ತಪ್ಪೋಗತ್ತೆ" ಎಂದಿದ್ದ. ಅವನ ಕೂಡುವಿಕೆ ಸರಿಯಾಗಿತ್ತು. ಅವಳು ವಾದಿಸಲಿಲ್ಲ, ಲೆಕ್ಕದಲ್ಲಿ ಅವನೊಡನೆ ವಾದಿಸುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದಳು. ಊರು ಮುಟ್ಟಿದಾಗ ಒಂಬತ್ತು ಐವತ್ತೊಂಬತ್ತು. ಟ್ರಾಮಿಗೆ ಇನ್ನೂ ಮೂವತ್ತೊಂದು ನಿಮಿಷ. ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಕಳೆದರೆ ಏಳು. ಕೋಟು ತಂದಿದ್ದರೂ ಏಳು ನಿಮಿಷ ಮಿಗುತ್ತಿತ್ತು. ಆ ಮೂವತ್ತೊಂದು ನಿಮಿಷವನ್ನು ಅವಳು ಕಾರಿನಲ್ಲಿ, ಬಿಸಿಲಿಗೆ ಗಾಜಿನ ಹಿಂದೆ ಹಿಡಿಯುವ ಬೆಳ್ಳಿ ಬಣ್ಣದ ಪರದೆಯನ್ನು ಮಂಡಿಗೆ ಸುತ್ತಿಕೊಂಡು ಕಳೆದಳು. ಒಮ್ಮೆ ಮಾತ್ರ, "ನಿನ್ನ ಜಾಕೆಟ್ ಐದು ನಿಮಿಷ ಕೊಡ್ತೀಯಾ?" ಎಂದಳು. ಕೊಟ್ಟ. ಐದು ನಿಮಿಷವಾದ ಮೇಲೆ ಅವಳು ಹಿಂದಕ್ಕೆ ಕೊಟ್ಟಳು. ತೆಗೆದುಕೊಂಡ. ಅವಳು ತೀರಿಕೊಂಡದ್ದು ಮರುವರ್ಷ ಮಾರ್ಚಿನಲ್ಲಿ, ಬೇರೆ ಕಾರಣಕ್ಕೆ. ಆ ಚಳಿಗೂ ಸಾವಿಗೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದ್ದರು. ತಾವಾಗಿ ಹೇಳಿರಲಿಲ್ಲ, ಅವನು ಕೇಳಿದ್ದ.

"ಎಷ್ಟು ಬೆಚ್ಚಗಿದೆ ಗೊತ್ತಾ?" ಎಂದಳು ಮಧುರಾ. ಅವಳ ಬೆರಳುಗಳು ಮೊದಲನೆಯ ಗುಂಡಿಯನ್ನು ಬಿಚ್ಚುತ್ತಿದ್ದವು, ಹಾಕುತ್ತಿದ್ದವು. ಅವನು ಹೀಟರಿನ ತಿರುಪನ್ನು ಇಪ್ಪತ್ತೆರಡರಿಂದ ಇಪ್ಪತ್ತೈದಕ್ಕೆ ತಿರುಗಿಸಿದ. ಬೆಟ್ಟ ಹತ್ತುವಾಗ ಇಪ್ಪತ್ತೆಂಟಕ್ಕೆ. ಸೆಕೆಯಾದರೆ ತಾನಾಗಿ ಬಿಚ್ಚುತ್ತಾಳೆ, ಬಿಚ್ಚಿದ್ದು ಕಾರಿನಲ್ಲೇ ಉಳಿಯುತ್ತದೆ. ತನ್ನ ಹಣೆಯ ಮೇಲೆ ಬೆವರು ಬಂದರೂ ಅವನು ಜಾಕೆಟಿನ ಜಿಪ್ಪನ್ನು ಇಳಿಸಲಿಲ್ಲ, ಇಳಿಸಿದರೆ ಅವಳು ಹೀಟರು ಕಡಿಮೆ ಮಾಡಿ ಎನ್ನಬಹುದು. ಹಸಿರು ಗುಡ್ಡಗಳ ಮೇಲೆ ಹಸುಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಅವಳ ಮೂಗಿನ ತುದಿಯಲ್ಲಿ ಹನಿ ಮೂಡಿತು. ಕೊನೆಗೆ ಬಿಚ್ಚಿದಳು, ಆದರೆ ಹಿಂದಿನ ಸೀಟಿಗೆ ಹಾಕಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಕೈಯಿಟ್ಟು ಕೂತಳು.

ದೊಡ್ಡ ಪೈನ್ ಮರಗಳ ಸಾಲಿನ ಹಿಂದೆ ಕಾರು ನಿಲ್ಲಿಸಿದಾಗ ಗಾಳಿ ಬಾಗಿಲನ್ನು ಹೊರಗಿನಿಂದ ಒತ್ತಿತು. ಅವಳು ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದಳು.

"ಅದನ್ನ ಕಾರಲ್ಲೇ ಬಿಡು."

ತಮಾಷೆಯೆಂದು ಭಾವಿಸಿ ಅವಳು ಇನ್ನೊಂದು ತೋಳನ್ನೂ ತೊಟ್ಟಳು. ದೂರದಲ್ಲಿ, ದ್ವೀಪಕ್ಕೆ ಹೋಗುವ ಸೇತುವೆಯ ಮೊದಲಲ್ಲಿ, ಬೆನೆಡಿಕ್ಟಾಳ ನೀಲಿ ಕೊಡೆ ಕಂಡಿತು. ಮುನ್ನೂರು ಹೆಜ್ಜೆ. ಆ ಕ್ಷಣದಲ್ಲಿ ತನ್ನ ಜಾಕೆಟನ್ನು ಬಿಚ್ಚಿ ಅವಳಿಗೆ ಹೊದಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಅವನಿಗೆ ಅದು ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಅವನು ಬೇರೆ ದಾರಿ ಹಿಡಿದ. ಅವಳನ್ನು ನೋಡಲು ಬಂದ ಒಂಬತ್ತು ಗಂಡುಗಳಲ್ಲಿ ಒಬ್ಬ ತಿಂಡಿ ತಿಂದು, ಕೈ ತೊಳೆದು, ಒಳಗಿದ್ದ ಅವಳಿಗೆ ಕೇಳುವಂತೆ ಒಂದು ಮಾತು ಹೇಳಿ ಹೋಗಿದ್ದ. ಮದುವೆಯಾದ ವಾರದಲ್ಲಿ, ನಗುತ್ತಾ, ಇನ್ನು ನೋಯುವುದಿಲ್ಲವೆಂಬ ನಂಬಿಕೆಯಿಂದ, ಅವಳು ಅದನ್ನು ಗಂಡನಿಗೆ ಹೇಳಿದ್ದಳು.

"ನಿನಗೆ ಒಪ್ಪಲ್ಲ ಅದು. ಮೂಟೆ ಥರ ಕಾಣ್ತೀಯ" ಎಂದ.

ಅವಳು ಅವನನ್ನು ನೋಡಲಿಲ್ಲ. ಕಾರಿನ ಗಾಜಿನಲ್ಲಿ ತನ್ನನ್ನು ನೋಡಿಕೊಂಡಳು, ಬಹಳ ಹೊತ್ತೇನಲ್ಲ. ಬಲಗೈ, ಎಡಗೈ ಬಿಡಿಸಿಕೊಂಡು, ಕೋಟನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ತೋಳುಗಳನ್ನು ಅದರ ಎದೆಯ ಮೇಲೆ ಮಡಿಸಿಟ್ಟು, ಬಾಗಿಲು ಹಾಕಿದಳು. ಶಾಲು ಹೊದ್ದು ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಡೆದಳು.

"ಬಾ ಮಾರಾಯಾ, ಹೊಸ ಮದುಮಗನಿಗೆ ಬೆಳಿಗ್ಗೆ ಏಳುದು ಕಷ್ಟವೇ!" ಎಂದು ಕ್ಸೇವಿಯರ್ ದೂರದಿಂದಲೇ ಕೂಗಿದ. ಕುವೈತಿನಲ್ಲಿ ಇಪ್ಪತ್ತು ವರ್ಷ ದುಡಿದು ಮಗಳ ಹಿಂದೆ ಇಲ್ಲಿಗೆ ಬಂದವನು. ಚಳಿ ಬಿಸಿಲು ಎರಡಕ್ಕೂ ಅದೇ ನಗು. ಬೆನೆಡಿಕ್ಟಾ ನಗಲಿಲ್ಲ. ಕೊಡೆಯನ್ನು ಗಂಡನ ಕೈಗೆ ತುರುಕಿ ಮಧುರಾಳ ಎರಡೂ ಕೈ ಹಿಡಿದುಕೊಂಡಳು. "ದೇವರೇ, ಕೈ ಅಂದ್ರೆ ಮಂಜುಗಡ್ಡೆ! ಎಂತ ಗುರು, ಹೆಂಡತಿಯನ್ನು ಗಾಳಿಗೆ ಒಣಗಿಸ್ಲಿಕ್ಕೆ ಕರ್ಕೊಂಡು ಬಂದದ್ದಾ? ಒಂದು ಕೋಟಿಲ್ವಾ ಇವಳಿಗೆ?"

"ಇದೆ ಆಂಟಿ. ಇವ್ರೇ ತಂದುಕೊಟ್ಟಿದ್ದಾರೆ, ಹೊಸದು" ಎಂದಳು ಮಧುರಾ. ಹಲ್ಲುಗಳು ಒಂದಕ್ಕೊಂದು ತಾಗುತ್ತಿದ್ದವು. "ನಂಗೇ ಸೆಕೆ ಆಯ್ತು ಅಂತ ಕಾರಲ್ಲಿ ಬಿಟ್ಟೆ."

"ಸೆಕೆಯಾ? ತುಟಿ ನೀಲಿ ಆಗಿದೆ ಹುಡುಗಿ. ಗುರು, ಕೀ ಕೊಡು."

"ನಾನೇ ತರ್ತೀನಕ್ಕ."

"ನೀನಿಲ್ಲಿ ಗಾಳಿಗೆ ಅಡ್ಡ ನಿಲ್ಲು. ಅಷ್ಟಾದ್ರೂ ಮಾಡು."

ಕೀಲಿ ಅವನ ಕೈಬಿಟ್ಟಿತು. ಅವನು ಕೊಟ್ಟನೋ ಆಕೆ ತೆಗೆದುಕೊಂಡಳೋ ನಿಶ್ಚಯವಾಗಿ ಹೇಳುವಂತಿರಲಿಲ್ಲ. ಐವತ್ತೆಂಟು ವರ್ಷದ ಆ ಗಿಡ್ಡ ಹೆಂಗಸು ಮುಂದಕ್ಕೆ ಬಾಗಿ, ಗಾಳಿಯನ್ನು ತಲೆಯಿಂದ ತಳ್ಳುತ್ತ ಹೋಗುವುದನ್ನು ನೋಡುತ್ತ ಅವನು ಹೆಂಡತಿಯ ತೆಂಕಣಕ್ಕೆ, ಗಾಳಿ ಬರುವ ದಿಕ್ಕಿಗೆ ನಿಂತ. ಅವಳು ಅಡ್ಡವಾಗಿ ನಿಂತ ಅವನಿಂದ ಅರ್ಧ ಹೆಜ್ಜೆ ಸರಿದು ಮತ್ತೆ ಗಾಳಿಗೆ ಬಂದಳು. ಕ್ಸೇವಿಯರ್ ಏನೋ ಹೇಳುತ್ತಿದ್ದ: ನಿನ್ನೆ ಒಂದು ತಾಯಿ ತಿಮಿಂಗಿಲ ಮರಿಯೊಂದಿಗೆ ಕೊಲ್ಲಿಯೊಳಗೇ ಬಂದಿತ್ತಂತೆ, ಜನ ಕಾಫಿ ಹಿಡಿದು ನೋಡಿದರಂತೆ. ಮುನ್ನೂರು ಹೆಜ್ಜೆ ಹೋಗಲು ನಾಲ್ಕು ನಿಮಿಷ, ಬರಲು ನಾಲ್ಕು. ಎಂಟನೆಯ ನಿಮಿಷ ಕಳೆಯಿತು. ಹತ್ತು ಆಯಿತು. ಕಾರಿನ ಹಿಂದಿನ ಬಾಗಿಲು ತೆರೆದೇ ಇತ್ತು, ಅದರ ಬಳಿ ಆಕೆ ನಿಂತೇ ಇದ್ದಳು. ಹದಿಮೂರನೆಯ ನಿಮಿಷದಲ್ಲಿ ಮರಳಿ ಬಂದಾಗ ಕೋಟು ಆಕೆಯ ಕೈಯ ಮೇಲೆ ಇರಲಿಲ್ಲ. ನಿದ್ದೆಹೋದ ಮಗುವನ್ನು ಎತ್ತಿಕೊಂಡಂತೆ ಎರಡೂ ತೋಳುಗಳಿಂದ ಎದೆಗೊತ್ತಿ ಹಿಡಿದಿದ್ದಳು.

ಆಕೆ ಅವನತ್ತ ನೋಡಲಿಲ್ಲ. ಮಧುರಾಳ ಬೆನ್ನ ಹಿಂದೆ ಕೋಟು ಹಿಡಿದು, ತೋಳಿಗೆ ಕೈ ತೂರಿಸಲು ಹೇಳಿ, ಮುಂದೆ ಬಂದು, ಒಂದು, ಎರಡು, ಮೂರು ಎಂದು ಗುಂಡಿಗಳನ್ನು ತಾನೇ ಹಾಕಿದಳು. ನಾಲ್ಕನೆಯದರಲ್ಲಿ ಬೆರಳುಗಳು ನಿಂತವು. ಹೆಬ್ಬೆರಳು ಕರಿಗುಂಡಿಯ ಹಿಂದಿನ ದಾರವನ್ನು ತಡವಿ ನೋಡಿತು. ತನ್ನ ಗಂಟನ್ನು ಗುರುತು ಹಿಡಿಯಿತು. ಆಗ ಆ ಮುಖ, ಎಲ್ಲರೂ ಒಳ್ಳೆಯದೆನ್ನುವ ಆ ಅಗಲವಾದ ಮುಖ, ಮಧುರಾಳ ಮುಖದಿಂದ ಒಂದು ಮೊಳ ದೂರದಲ್ಲಿ, ಕಹಿ ನುಂಗಿದಂತೆ ಸೊಟ್ಟಗಾಯಿತು. ಐದನೆಯ ಗುಂಡಿ ಹಾಕದೆ ಆಕೆ ಕಡಲಿನ ಕಡೆ ತಿರುಗಿದಳು. ಮಧುರಾ ಬಗ್ಗಿ ತನ್ನನ್ನು ಮೇಲಿನಿಂದ ಕೆಳಗೆ ನೋಡಿಕೊಂಡು, ಉಳಿದ ಗುಂಡಿಯನ್ನು ಮೆಲ್ಲಗೆ ಹಾಕಿಕೊಂಡಳು.

ಟ್ರಾಮಿನಲ್ಲಿ ಬೆನೆಡಿಕ್ಟಾ ಬೇಕೆಂದೇ ಅವನ ಪಕ್ಕ ಕೂತಳು. ಮುಂದಿನ ಬೆಂಚಿನಲ್ಲಿ ಮಧುರಾ, ಕ್ಸೇವಿಯರ್. ಕುದುರೆಯ ಗೊರಸಿನ ಸದ್ದಿನ ಕೆಳಗೆ ಆಕೆ ತುಟಿ ಅಲುಗದಷ್ಟು ಮೆಲ್ಲಗೆ, "ಹೋಯ್ತು ಅಂತ ಹೇಳಿದ ಕೋಟು ಇದಾ?" ಎಂದಳು.

"ಅಕ್ಕಾ, ಅದು—"

"ನಂಗೆ ಕೊಡದೆ ಇಟ್ಟುಕೊಂಡದ್ದು ಇರ್ಲಿ. ನಿನ್ನ ಹೆಂಡತಿಯದ್ದು, ನೀನು ಇಟ್ಟುಕೊಂಡೆ. ಈ ಹೆಣ್ಣಿಗೆ ಹೊಸದು ಅಂತ ಹೇಳಿದೆಯಲ್ಲ, ಅದು ಎಂತ ಬುದ್ಧಿ ನಿಂದು?"

ಅವನು ಕುದುರೆಯ ಬಾಲವನ್ನು ನೋಡಿದ.

"ನಾನು ಹೇಳುದಿಲ್ಲ. ನೀನೇ ಹೇಳು. ಇವತ್ತೇ. ಗೊತ್ತಿಲ್ಲದೆ ಅವಳು ಇದನ್ನು ಇನ್ನೊಂದು ದಿವಸ ಹಾಕ್ಬಾರ್ದು. ಹಾಕಿದ್ಲು ಅಂತ ಗೊತ್ತಾದ್ರೆ ನಾನು ನಿನ್ನ ಮನೆಗೆ ಬಂದು ಹೇಳ್ತೇನೆ."

ಆ ಮೇಲೆ ದಿನವಿಡೀ ಆಕೆ ಮಧುರಾಳ ಮುಖ ನೋಡಲಿಲ್ಲ. ಅವಳ ತಟ್ಟೆಗೆ ತಾನು ತಂದ ನೀರುದೋಸೆ ಬಡಿಸಿದಳು, ಚಟ್ನಿ ಹಾಕಿದಳು, ಕಣ್ಣು ಮಾತ್ರ ಎಲ್ಲೋ ಇಟ್ಟಿದ್ದಳು. ಮಧುರಾ ಎರಡು ಸಲ ಮಾತು ಶುರುಮಾಡಿ ನಿಲ್ಲಿಸಿದಳು. ತಿಮಿಂಗಿಲ ಒಂದು ಸಲ ಬೆನ್ನು ತೋರಿಸಿತು, ಕರಿಯ ಹೊಳೆಯುವ ಅರ್ಧ ಚಂದ್ರ. ಜನ ಓ ಎಂದರು. ಅವಳು ಅದನ್ನೂ ಎರಡೂ ಕೈಗಳಿಂದ ಹೊಟ್ಟೆಯನ್ನು ಮರೆಮಾಡಿಕೊಂಡೇ ನೋಡಿದಳು.

ಹಿಂದಿರುಗುವಾಗ ಬೆಟ್ಟದ ಮೇಲೆ ಬೆಳಕು ಬೇಗ ಇಳಿಯಿತು. ಅವನು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದ. ಹಸುಗಳ ಗುಡ್ಡ ದಾಟಿದ ಮೇಲೆ, ಪೆಟ್ರೋಲ್ ಬಂಕಿನ ದೀಪ ದಾಟಿದ ಮೇಲೆ, ಲಾರಿ ಮುಂದೆ ಹೋದ ಮೇಲೆ. ಲಾರಿ ಹೋಯಿತು. ಅವನು ಗಂಟಲು ಸರಿಮಾಡಿಕೊಂಡ. ಆಗಲೇ ಅವಳು ಕೇಳಿದಳು.

"ಬೆನೆಡಿಕ್ಟಾ ಆಂಟಿ ಗುಂಡಿ ಹಾಕ್ತಾ ಯಾಕೆ ಹಂಗೆ ಮುಖ ಮಾಡಿದ್ರು?"

"ಹೆಂಗೆ?"

"ನೋಡಿದ್ರಿ ನೀವೂ. ಆಮೇಲೆ ಒಂದ್ಸಲಾನೂ ನನ್ನ ಕಡೆ ನೋಡ್ಲಿಲ್ಲ." ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ತಂದಳು. "ನಿಜ ಹೇಳ್ರೀ. ಇದ್ರಲ್ಲಿ ನಾನು ಅಷ್ಟು ಅಸಹ್ಯ ಕಾಣ್ತೀನಾ?"

ಉತ್ತರ ಒಂದೇ ಇತ್ತು. ಅದು ಬೆಳಗಿನಿಂದ ಅವನ ಬಾಯಲ್ಲೇ ಇತ್ತು. ಇದು ಅದಿತಿಯದು. ಅದನ್ನು ಆಡಿದರೆ ಆ ಮುಖ ಸೊಟ್ಟಗಾದದ್ದು ಯಾಕೆಂದು ಗೊತ್ತಾಗುತ್ತಿತ್ತು, ಮೂಟೆಯೆಂದದ್ದು ಸುಳ್ಳೆಂದು ಗೊತ್ತಾಗುತ್ತಿತ್ತು, ಮುಂದೆ ಎಂದೂ ಕನ್ನಡಿಯ ಮುಂದೆ ಅವಳು ಹೊಟ್ಟೆ ಮುಚ್ಚಿಕೊಳ್ಳಬೇಕಾಗಿರಲಿಲ್ಲ. ಅವಳ ಕಡೆಗೆ ಇಷ್ಟೆಲ್ಲ. ಅವನ ಕಡೆಗೆ ಒಂದೇ ಪ್ರಶ್ನೆ, ಇದೊಂದನ್ನ ಯಾಕೆ ಇಟ್ಕೊಂಡ್ರಿ, ಮತ್ತು ಅದರ ಹಿಂದೆ ಒಂದು ಬೆಳ್ಳಿ ಬಣ್ಣದ ಪರದೆ, ಮೂವತ್ತೊಂದು ನಿಮಿಷ. ಅವನು ಎರಡನ್ನೂ ತೂಗಿ ನೋಡಿದ. ತೂಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಒಪ್ಪಲ್ಲ ಅಂತ ಬೆಳಿಗ್ಗೇನೇ ಹೇಳಿದ್ದೆನಲ್ಲ." 

ಅವನು ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನು ನೋಡಿದ.

"ಹೌದು. ಹೇಳಿದ್ರಿ."

ಅವಳು ಸೀಟಿನ ಪಟ್ಟಿಯ ಕೆಳಗೆ ಕಷ್ಟಪಟ್ಟು ಐದು ಗುಂಡಿಗಳನ್ನೂ ಬಿಚ್ಚಿದಳು. ತೋಳು ಬಿಡಿಸಿಕೊಳ್ಳುವಾಗ ಮೊಣಕೈ ಅವನಿಗೆ ತಾಗಿತು; ಸಾರಿ ಎಂದಳು. ಕೋಟನ್ನು ಮಡಿಸಿ, ತಿರುಗಿ, ಹಿಂದಿನ ಸೀಟಿನ ಮೇಲೆ ಇಟ್ಟಳು. "ಆಂಟಿಗೆ ಬೇಕಾದ್ರೆ ಕೊಟ್ಬಿಡಿ. ಎದೆಗೆ ಅವುಚ್ಕೊಂಡು ತಂದ್ರಲ್ಲ, ಇಷ್ಟ ಆಗಿರ್ಬೇಕು. ನಾನಂತೂ ಇನ್ನು ಹಾಕಲ್ಲ."

ಗೊತ್ತಿಲ್ಲದೆ ಇನ್ನೊಂದು ದಿನ ಹಾಕಬಾರದು ಎಂದಿದ್ದಳು ಬೆನೆಡಿಕ್ಟಾ. ಇನ್ನು ಹಾಕುವುದಿಲ್ಲ. ಷರತ್ತು ಪೂರೈಸಿತ್ತು, ಆಕೆ ಕೇಳಿದ್ದ ಕೋಟೂ ಆಕೆಗೇ ಸೇರಲಿತ್ತು. ಏನೂ ಉಳಿಯದೆ ಭಾಗಾಕಾರ ಮುಗಿದಾಗಿನ ಹಳೆಯ ಸಮಾಧಾನ ಅವನ ಭುಜಗಳನ್ನು ಸಡಿಲಿಸಿತು; ಆ ಸಮಾಧಾನ ತನಗೆ ಬಂದದ್ದನ್ನು ಅವನು ಗಮನಿಸಿದ, ಗಮನಿಸಿಯೂ ಅನುಭವಿಸಿದ. ಪಕ್ಕದಲ್ಲಿ ಅವಳು ಶಾಲಿನ ಎರಡು ಅಂಚುಗಳನ್ನು ಕುತ್ತಿಗೆಯ ಬಳಿ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

"ಹೀಟರ್ ಹಾಕ್ಲಾ?"

"ಬೇಡ. ಚಳಿ ಇಲ್ಲ."

ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕಾರಿನ ಪುಟ್ಟ ಪರದೆಯ ಮೇಲೆ ಹೊರಗಿನ ಉಷ್ಣತೆ ಬದಲಾಗಿ ಏಳು ಎಂದು ಬಂತು. ಅದರಲ್ಲಿ ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.